ವಿದೇಶದ ಹೈ ಗೇನ್ ಹೆಡ್ ಕೊಳ್ಳುವ ಮೊದಲು ಇದನ್ನು ಓದಿ

ಹುಬ್ಬಳ್ಳಿ-ಧಾರವಾಡ ಕಡೆ ಮೆಟಲ್ (ಅಬ್ಬರದ ರಾಕ್ ಸಂಗೀತ) ನುಡಿಸುವವರು ಯಾರಾದರೂ ಸೆಕೆಂಡ್ ಹ್ಯಾಂಡ್ ಟ್ಯೂಬ್ ಆಂಪ್, ಅಂದರೆ ಗಾಜಿನ ವಾಲ್ವ್ ಇರುವ ಗಿಟಾರ್ ಆಂಪ್ಲಿಫೈಯರ್, ಕೊಳ್ಳಲು ಹೊರಟಿದ್ದರೆ ದಯವಿಟ್ಟು ಮೊದಲು ಇದನ್ನು ಓದಿ, ಆಮೇಲೆ ದುಡ್ಡು ಕೊಡಿ. ಮಾರುವವನು ಪಕ್ಕಪಕ್ಕದಲ್ಲಿ ಎರಡು ಮೂರು ಆಂಪ್ ಇಟ್ಟು "ನೀವ ಕೇಳ್ರಿ, ನೀವ ಹೋಲಿಸಿ ನೋಡ್ರಿ" ಅಂತಾನಲ್ಲ, ನಮ್ಮ ಬ್ಯಾಂಡಿಗೆ ಮೋಸ ಆದದ್ದು ಅಲ್ಲೇ. ದುಡ್ಡಿನ ಮಾತು ಒಂದು ಕಡೆ ಇರಲಿ. ನಮ್ಮ ಹಾಡುವ ಹುಡುಗನಿಗೆ ಶಾಕ್ ಹೊಡೆದು ಅವನು ನೆಲಕ್ಕೆ ಬಿದ್ದ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಊರಲ್ಲಿ ಗಿಟಾರ್ ಸಿಗುತ್ತದೆ, ಪೆಡಲ್ ತರಿಸಿಕೊಳ್ಳಬಹುದು, ಮನೆಯಲ್ಲಿ ನುಡಿಸಲು ಸಣ್ಣ ಆಂಪೂ ಸಿಗುತ್ತದೆ. ಆದರೆ 100 ವ್ಯಾಟಿನ ಹೈ ಗೇನ್ (ಸೌಂಡನ್ನು ತುಂಬಾ ಒರಟು ಮಾಡುವ) ಟ್ಯೂಬ್ ಹೆಡ್, ಅಂದರೆ ಸ್ಪೀಕರ್ ಒಳಗಿಲ್ಲದ ಆಂಪ್, ಕಣ್ಣಾರೆ ನೋಡಬೇಕು ಅಂದರೆ ಬೆಂಗಳೂರೋ ಮುಂಬೈಯೋ ಆಗಬೇಕು. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಲ್ ಬ್ಯಾಂಡ್ ಮೆಟಾಲಿಕಾ ಬಂದಾಗ ಇಲ್ಲಿಂದ ರಾತ್ರಿ ಬಸ್ ಹಿಡಿದು ಹೋದವರು ಎಷ್ಟು ಜನ! ಆ ಸೌಂಡ್ ನಮ್ಮ ರೂಮಿನಲ್ಲೂ ಬರಬೇಕು ಅಂತ ಆಸೆ ಇರುವ ಹುಡುಗರು ಇಲ್ಲಿ ತುಂಬಾ ಇದ್ದಾರೆ, ಈ ಆಸೆ ಗೊತ್ತಿರುವ ಮಾರಾಟಗಾರರೂ ಇದ್ದಾರೆ. "ಅಮೆರಿಕಾದಿಂದ ತಂದದ್ದು, ಇಲ್ಲೇ ಹುಬ್ಬಳ್ಳಿಯಲ್ಲೇ ಐತಿ, ಬಂದು ನೋಡ್ರಿ" ಅಂದರೆ ಯಾರು ಹೋಗುವುದಿಲ್ಲ ಹೇಳಿ.

ಅವನ ಹತ್ತಿರ ಮೂರು ಇದ್ದವು. ಒಂದು ಪೀವಿ 5150 ಹೆಡ್, ಒಂದು ಮಾರ್ಷಲ್ ಜೆಸಿಎಂ800, ಇನ್ನೊಂದು ಬಾಸ್ ಕಟಾನಾ. ಮೂರೂ ಒಳ್ಳೆಯ ಆಂಪ್‌ಗಳೇ, ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ, ನನ್ನ ಜಗಳ ಆಂಪ್ ತಯಾರಿಸಿದವರ ಜೊತೆ ಅಲ್ಲ. 5150 ಬಂದದ್ದು 1992ರಲ್ಲಿ, ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲೆನ್ ಜೊತೆ ಸೇರಿ ಮಾಡಿದ್ದು, 120 ವ್ಯಾಟ್, ಪವರ್ ಕಡೆಗೆ ನಾಲ್ಕು 6ಎಲ್6 ಟ್ಯೂಬ್. ಆಮೇಲೆ ಅದೇ ಸರ್ಕಿಟ್ 6505 ಅನ್ನುವ ಹೆಸರಲ್ಲಿ ಬಂತು. ಗೇನ್ ಅರ್ಧ ತಿರುಗಿಸಿದರೆ ಸಾಕು, ಪಾಮ್ ಮ್ಯೂಟ್ (ಅಂಗೈ ತಂತಿಗೆ ಒತ್ತಿ ನುಡಿಸುವುದು) ಎದೆಗೆ ಬಡಿಯುತ್ತದೆ. ಜೆಸಿಎಂ800 ಅದಕ್ಕಿಂತ ಹಳೆಯದು, 1981ರದು. ನಾವು ನೋಡಿದ 100 ವ್ಯಾಟಿನ ಮಾದರಿಯಲ್ಲಿ ಒಂದೇ ಚಾನೆಲ್, ಗೇನ್ ಕಡಿಮೆ. ಈಗಿನ ಮೆಟಲ್‌ಗೆ ಅದರ ಮುಂದೆ ಒಂದು ಓವರ್‌ಡ್ರೈವ್ ಪೆಡಲ್ (ಆಂಪಿಗೆ ಹೋಗುವ ಸಿಗ್ನಲ್ ಹೆಚ್ಚಿಸುವ ಕಾಲ್ಸ್ವಿಚ್ ಡಬ್ಬಿ) ಬೇಕೇ ಬೇಕು, ಪೆಡಲ್ ಇಟ್ಟರೆ ಮಾತ್ರ ಅದರ ಸೌಂಡಿನ ಹರಿತ ಬೇರೆ ಯಾವುದರಲ್ಲೂ ಸಿಗುವುದಿಲ್ಲ. ಕಟಾನಾದಲ್ಲಿ ಟ್ಯೂಬೇ ಇಲ್ಲ, ಸೌಂಡ್ ತಯಾರಾಗುವುದು ಡಿಜಿಟಲ್ ಆಗಿ. ಆದರೆ ಅರ್ಧ ವ್ಯಾಟಿಗೆ ಇಳಿಸಿ ರಾತ್ರಿ ಮನೆಯಲ್ಲೂ ನುಡಿಸಬಹುದು.

ಅವನಿಗೆ ಮಾರಬೇಕಾಗಿದ್ದದ್ದು 5150. ಅದಕ್ಕೆ ಅವನು ಏನು ಮಾಡಿದ್ದ ನೋಡಿ. 5150ಯನ್ನು ನಾಲ್ಕು 12 ಇಂಚಿನ ಸ್ಪೀಕರ್ ಇರುವ ದೊಡ್ಡ ಕ್ಯಾಬಿನೆಟ್‌ಗೆ ಹಾಕಿದ್ದ, ಒಳಗೆ ಸೆಲೆಸ್ಟಿಯನ್ ವಿಂಟೇಜ್ 30 ಸ್ಪೀಕರ್‌ಗಳು. ಮಾರ್ಷಲ್‌ಗೆ ಕೊಟ್ಟದ್ದು ಒಂದೇ ಸ್ಪೀಕರಿನ ಸಣ್ಣ ಡಬ್ಬಿ. ಕಟಾನಾ ತನ್ನದೇ ಸ್ಪೀಕರಿನಲ್ಲಿ, ನೆಲದ ಮೇಲೆ, ನಮ್ಮ ಮೊಣಕಾಲಿನ ಎತ್ತರದಲ್ಲಿ. ಇದು ಮೂರು ಆಂಪ್ ಹೋಲಿಸಿದಂತೆ ಆಯಿತಾ? ಇಲ್ಲ, ಮೂರು ಸ್ಪೀಕರ್ ಹೋಲಿಸಿದಂತೆ. ಡಿಸ್ಟಾರ್ಷನ್ ಸೌಂಡಿನಲ್ಲಿ ಸ್ಪೀಕರ್ ಮತ್ತು ಕ್ಯಾಬಿನೆಟ್ ಮಾಡುವಷ್ಟು ವ್ಯತ್ಯಾಸವನ್ನು ಎಷ್ಟೋ ಸಲ ಹೆಡ್ ಬದಲಿಸಿದರೂ ಮಾಡಲಾಗುವುದಿಲ್ಲ.

ಎರಡನೆಯದು ವಾಲ್ಯೂಮ್. 5150ಯನ್ನು ಉಳಿದವುಗಳಿಗಿಂತ ಸ್ವಲ್ಪ ಜೋರಾಗಿ ಇಟ್ಟಿದ್ದ. ತುಂಬಾ ಅಲ್ಲ, ಸ್ವಲ್ಪ. ಒಂದೆರಡು ಡೆಸಿಬೆಲ್ ಜಾಸ್ತಿ ಇದ್ದರೆ ನಮ್ಮ ಕಿವಿಗೆ ಅದು "ಜೋರು" ಅಂತ ಅನಿಸುವುದಿಲ್ಲ, "ಚೆನ್ನಾಗಿದೆ" ಅಂತ ಅನಿಸುತ್ತದೆ. ಇದು ಎಲ್ಲರ ಕಿವಿಗೂ ಆಗುವುದು, ಎಷ್ಟು ವರ್ಷ ನುಡಿಸಿದವರಾದರೂ ಸರಿ. ಇಂಥ ಕಡೆ ಫೋನಿನಲ್ಲಿ ಸೌಂಡ್ ಅಳೆಯುವ ಆ್ಯಪ್ ಹಾಕಿಕೊಂಡು, ಒಂದೇ ಜಾಗದಲ್ಲಿ ನಿಂತು ಎಲ್ಲಾ ಆಂಪನ್ನೂ ಒಂದೇ ಮಟ್ಟಕ್ಕೆ ತನ್ನಿ. ಮಾರುವವನು ಅದಕ್ಕೆ ಕಿರಿಕಿರಿ ಮಾಡಿದರೆ ಎದ್ದು ಬನ್ನಿ.

ಮೂರನೆಯದು ಪೆಡಲ್, ನನಗೆ ಅತ್ಯಂತ ಸಿಟ್ಟು ಬರುವುದು ಇದರ ಬಗ್ಗೆ. 5150 ಮುಂದೆ ಮಾತ್ರ ಹಸಿರು ಓವರ್‌ಡ್ರೈವ್ ಪೆಡಲ್ ಇತ್ತು, ಡ್ರೈವ್ ಸೊನ್ನೆಗೆ, ಲೆವೆಲ್ ಪೂರ್ತಿ. ಹಾಗೆ ಇಟ್ಟರೆ ಪೆಡಲ್ ತಗ್ಗಿನ ಬೇಸ್ ಕತ್ತರಿಸಿ ಮಿಡ್ ಮುಂದೆ ತಳ್ಳುತ್ತದೆ, ತಂತಿಗಳನ್ನು ತಗ್ಗಿಸುವ ಡ್ರಾಪ್ ಸಿ ಟ್ಯೂನಿಂಗಿನಲ್ಲೂ ರಿಫ್ ಬಿಗಿಯಾಗಿ ಬರುತ್ತದೆ. ಮೆಟಲ್ ನುಡಿಸುವವರು ಎಲ್ಲರೂ ಮಾಡುವ ಕೆಲಸವೇ, ತಪ್ಪೇನಿಲ್ಲ. ಆದರೆ ಮಾರ್ಷಲ್‌ಗೆ ಅದನ್ನು ಕೊಡಲಿಲ್ಲ, ಅದಕ್ಕೇ ತಾನೇ ಅದು ಹೆಚ್ಚು ಬೇಕಾಗಿದ್ದದ್ದು! ಅದರ ಜೊತೆಗೆ 5150ಗೆ ಒಂದು ನಾಯ್ಸ್ ಗೇಟ್ ಬೇರೆ, ಆಂಪಿನ ಹಿಂದೆ ಪೆಡಲ್ ಸಿಕ್ಕಿಸುವ ಎಫೆಕ್ಟ್ಸ್ ಲೂಪಿನಲ್ಲಿ. ನುಡಿಸುವುದು ನಿಲ್ಲಿಸಿದ ಕೂಡಲೇ ಪೂರ್ತಿ ಮೌನ. "ನೋಡ್ರಿ ಎಷ್ಟು ಸೈಲೆಂಟ್ ಐತಿ" ಅಂದ. ಆ ಮೌನದ ಹಿಂದೆ ಗುಂಯ್‌ಗುಡುವ ಹಮ್ ಮತ್ತು ಒಂದು ಮೈಕ್ರೋಫೋನಿಕ್ (ಅಲುಗಿದರೆ ಸದ್ದು ಮಾಡುವ) ಪ್ರೀಆಂಪ್ ಟ್ಯೂಬ್, ಅಂದರೆ ಮೊದಲ ಹಂತದ ಸಣ್ಣ ಟ್ಯೂಬ್, ಅಡಗಿತ್ತು. ಗೇಟ್ ತೆಗೆದರೆ ಎರಡೂ ಕೇಳುತ್ತವೆ. ಆದ್ದರಿಂದ ಹಳೆಯ ಟ್ಯೂಬ್ ಆಂಪ್ ನೋಡುವಾಗ ಗೇಟ್, ಪೆಡಲ್ ಎಲ್ಲಾ ಬಿಚ್ಚಿಸಿ, ಗಿಟಾರ್ ಕೇಬಲ್ ನೇರ ಹಾಕಿ. ಗೇನ್ ಏರಿಸಿ, ಏನೂ ನುಡಿಸದೆ ಸುಮ್ನೆ ಕೇಳಿ. ಅದರ ಮಾಲೀಕ ಒಪ್ಪಿದರೆ ಪ್ರೀಆಂಪ್ ಟ್ಯೂಬ್‌ಗಳನ್ನು ಒಣ ಪೆನ್ಸಿಲ್‌ನ ಮರದ ಕಡೆಯಿಂದ ಹಗುರವಾಗಿ ತಟ್ಟಿಸಿ. ಗಂಟೆ ಬಾರಿಸಿದ ಹಾಗೆ ಸ್ಪೀಕರಿನಲ್ಲಿ ಕೇಳಿದರೆ ಆ ಟ್ಯೂಬ್ ಹೋಗಿದೆ. ಟ್ಯೂಬ್ ಬದಲಿಸಬಹುದು, ಅದು ದೊಡ್ಡ ಖರ್ಚಲ್ಲ. ಹಮ್ ದೊಡ್ಡದಿದ್ದರೆ ಫಿಲ್ಟರ್ ಕೆಪಾಸಿಟರ್ ಹೋಗಿರಬಹುದು, ಅದು ದೊಡ್ಡ ಕೆಲಸ.

ಇನ್ನು ಅಪಾಯದ ವಿಷಯ. ಅಮೆರಿಕಾದಲ್ಲಿ ಕರೆಂಟ್ 120 ವೋಲ್ಟ್, 60 ಹರ್ಟ್ಸ್. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಅಲ್ಲಿಂದ ತಂದ ಹೆಡ್ ಅನ್ನು ನೇರ ನಮ್ಮ ಸಾಕೆಟ್ಟಿಗೆ ಹಾಕಿದರೆ ಮುಗಿಯಿತು. ವೋಲ್ಟೇಜ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಇಂಥ ದೊಡ್ಡ ಹೆಡ್ ಜೋರಾಗಿ ನುಡಿಸುವಾಗ 300-400 ವ್ಯಾಟ್ ಎಳೆಯುತ್ತದೆ, ಹಾಗಾಗಿ ಟ್ರಾನ್ಸ್‌ಫಾರ್ಮರ್ ಸುಮಾರು 1000 ವಿಎ (ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯದ ಅಳತೆ) ಇದ್ದರೆ ನೆಮ್ಮದಿ. ಅಂಥದ್ದು ಒಂದೇ ಕೈಯಲ್ಲಿ ಎತ್ತಲು ಕಷ್ಟ ಆಗುವಷ್ಟು ಭಾರ ಇರುತ್ತದೆ. ಅವನು ತೋರಿಸುವಾಗ ಬಳಸಿದ್ದು ಅಂಥದ್ದೇ ಭಾರದ ಟ್ರಾನ್ಸ್‌ಫಾರ್ಮರ್. ನಮಗೆ ಪ್ಯಾಕ್ ಮಾಡಿ ಕೊಟ್ಟದ್ದು ಅಂಗೈಯಲ್ಲಿ ಹಿಡಿಯುವಂಥ ಹಗುರ ಕನ್ವರ್ಟರ್, ಪ್ರಯಾಣ ಮಾಡುವವರು ಹೇರ್ ಡ್ರೈಯರ್‌ಗೆ ಬಳಸುವ ಜಾತಿಯದು. "ಎರಡೂ ಒಂದ ಕೆಲಸಾ ಮಾಡ್ತಾವ್ರಿ, ಏನೂ ಆಗಂಗಿಲ್ಲ" ಅಂದ.

ಆಗುತ್ತದೆ. ಅಂಥ ಕನ್ವರ್ಟರಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಅದು ಕರೆಂಟಿನ ಅಲೆಯನ್ನು ಕತ್ತರಿಸಿ ಒಟ್ಟಾರೆ 120 ಬರುವಂತೆ ಮಾಡುತ್ತದೆ ಅಷ್ಟೇ. ಅಲೆಯ ತುದಿ ಮಾತ್ರ 120 ವೋಲ್ಟಿಗೆ ಇರಬೇಕಾದದ್ದಕ್ಕಿಂತ ಬಹಳ ಎತ್ತರ ಉಳಿಯುತ್ತದೆ, ಆಂಪಿನ ಒಳಗಿನ ಕೆಪಾಸಿಟರ್‌ಗಳು ತುಂಬಿಕೊಳ್ಳುವುದು ಆ ತುದಿಯ ಲೆಕ್ಕಕ್ಕೆ. ಹೀಟರ್ ಬಿಸಿ ಮಾಡುವ ಸಾಮಾನಿಗೆ ಅದು ನಡೆಯುತ್ತದೆ, ಟ್ಯೂಬ್ ಆಂಪಿಗೆ ನಡೆಯುವುದಿಲ್ಲ. ಗೋಕುಲ ರೋಡ್ ಕಡೆ ನಮ್ಮ ಪ್ರಾಕ್ಟೀಸ್ ರೂಮಿನಲ್ಲಿ ಅರ್ಧ ಗಂಟೆಯೊಳಗೆ ಸುಟ್ಟ ವಾಸನೆ ಬಂತು, ಹಿಂದಿನಿಂದ ಹೊಗೆ ಬಂತು.

ಹೊಗೆಗಿಂತ ಮುಂಚೆಯೇ ಆ ಶಾಕ್. ಆ ಕನ್ವರ್ಟರಿಗೆ ಎರಡೇ ತೂತು, ಅರ್ಥ್ ಇಲ್ಲ. ಹೆಡ್ಡಿನ ಪ್ಲಗ್ ಅದಕ್ಕೆ ಕೂರಲಿ ಅಂತ ಅದರ ಮೂರನೆಯ ಪಿನ್ನನ್ನು, ಅಂದರೆ ಅರ್ಥ್ ಪಿನ್ನನ್ನು, ಮೊದಲೇ ಕತ್ತರಿಸಿ ಇಟ್ಟಿದ್ದರು. ಅರ್ಥ್ ಇಲ್ಲದಿದ್ದರೆ ಆಂಪಿನ ಲೋಹದ ಚಾಸಿಗೆ ಸೋರುವ ಕರೆಂಟಿಗೆ ಹೋಗಲು ದಾರಿ ಇಲ್ಲ. ಚಾಸಿಯಿಂದ ಕೇಬಲ್, ಕೇಬಲ್‌ನಿಂದ ಗಿಟಾರ್ ತಂತಿ. ನಮ್ಮ ಹುಡುಗ ಹಾಡುತ್ತಲೇ ರಿದಮ್ ನುಡಿಸುವವನು. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ಮೈಕ್ ಸರಿಯಾಗಿ ಅರ್ಥ್ ಆದ ಮಿಕ್ಸರ್‌ಗೆ ಸೇರಿತ್ತು. ದಾರಿ ಅವನ ಮೈಯೊಳಗಿಂದ ಆಯಿತು. ಪುಣ್ಯಕ್ಕೆ ಕೈ ಬಿಟ್ಟುಹೋಯಿತು. 1972ರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಲೆಸ್ ಹಾರ್ವಿ ಸ್ಟೇಜಿನ ಮೇಲೆ ಮೈಕ್ ಮುಟ್ಟಿ ಹೀಗೇ ಸತ್ತ, ಅಲ್ಲೂ ಅರ್ಥಿಂಗ್ ಸರಿ ಇರಲಿಲ್ಲ. ಇದು ಸಣ್ಣ ಮಾತಲ್ಲ. ಮನೆಯಲ್ಲಿ ಇರುವ ಸ್ಕ್ರೂಡ್ರೈವರ್ ಟೆಸ್ಟರ್ ಇದೆಯಲ್ಲ, ಹೊಸ ಆಂಪ್ ಹಚ್ಚಿದ ಮೇಲೆ ಗಿಟಾರ್ ಮುಟ್ಟುವ ಮೊದಲು ಅದನ್ನು ತಂತಿಗೆ ಮುಟ್ಟಿಸಿ. ದೀಪ ಹತ್ತಿದರೆ ಅಲ್ಲೇ ಸ್ವಿಚ್ ಆಫ್ ಮಾಡಿ. ಹತ್ತಲಿಲ್ಲ ಅಂತ ಅಷ್ಟಕ್ಕೇ ನಂಬಬೇಡಿ, ಸಾಕೆಟ್ಟಿನ ಅರ್ಥ್ ನಿಜವಾಗಿ ಕೆಲಸ ಮಾಡುತ್ತಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ.

ಹೆಡ್ಡನ್ನು ಧಾರವಾಡಕ್ಕೆ ಒಯ್ದು ಹಳೆಯ ರೇಡಿಯೋ ರಿಪೇರಿ ಮಾಡುವ ಒಬ್ಬ ಕಾಕಾ ಅವರಿಗೆ ತೋರಿಸಿದೆವು. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದಾಗಿನಿಂದ ಈ ಕಡೆ ಎಷ್ಟೋ ಮನೆಗಳಲ್ಲಿ ವಾಲ್ವ್ (ಅಂದರೆ ಇದೇ ಟ್ಯೂಬ್) ರೇಡಿಯೋ ಇದ್ದವು, ಬೆಂಗಳೂರಿನ ಬಿಇಎಲ್ ವಾಲ್ವ್ ತಯಾರಿಸುತ್ತಿತ್ತು, ಆ ಕಾಲದ ಕೈಗಳು ಇನ್ನೂ ಅಲ್ಲಲ್ಲಿ ಇವೆ. ಅವರಿಗೆ ಮೆಟಲ್ ಗೊತ್ತಿಲ್ಲ, 6ಎಲ್6 ಚೆನ್ನಾಗಿ ಗೊತ್ತು. ಹಿಂದಿನ ಫಲಕ ತೆಗೆಯುವಾಗಲೇ "ತಮ್ಮಾ, ಪ್ಲಗ್ ತಗದೀದಿ ಅಂತ ಕೈ ಹಾಕಬ್ಯಾಡ, ಕೆಪಾಸಿಟರ್ ಒಳಗ ಇನ್ನೂ ಜೀವಾ ಇರತೈತಿ" ಅಂದರು. ನಿಜ, ಅಲ್ಲಿ 400-500 ವೋಲ್ಟ್ ಡಿಸಿ ನಿಂತಿರಬಹುದು. ನೀವೂ ಒಳಗೆ ಕೈ ಹಾಕಬೇಡಿ. ಒಳಗೆ ಎರಡು ಕೆಪಾಸಿಟರ್ ಉಬ್ಬಿದ್ದವು, ಪವರ್ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಫ್ಯೂಸ್ ಮಾತ್ರ ಹೋಗಿರಲಿಲ್ಲ! ಹಿಂದೆ ಬರೆದ ಅಳತೆಗಿಂತ ಬಹಳ ದೊಡ್ಡ ಫ್ಯೂಸ್ ಹಾಕಿಟ್ಟಿದ್ದರು. ಅಂದರೆ ಈ ಹೆಡ್ ಮುಂಚೆಯೂ ಫ್ಯೂಸ್ ಹಾರಿಸುತ್ತಿತ್ತು, ಅದು ಮಾರುವವನಿಗೆ ಗೊತ್ತಿತ್ತು. ಫ್ಯೂಸ್ ಹೋಗುವುದು ಆಂಪ್ ಉಳಿಯಲಿ ಅಂತ, ಅದನ್ನೇ ಕಿತ್ತುಹಾಕಿದರೆ ಏನು ಉಳಿಯುತ್ತದೆ?

ಅದೇ ಟ್ರಾನ್ಸ್‌ಫಾರ್ಮರ್ ಹುಡುಕಿ ತರಿಸುವ ಖರ್ಚು ಕೇಳಿದರೆ ಹೊಸ ಕಟಾನಾ ಬರುತ್ತದೆ. ಕಾಕಾ ಇಲ್ಲೇ ಸುತ್ತಿಸಬಹುದು ಅಂದರು, ನೇರ 230 ವೋಲ್ಟಿಗೇ ಆಗುವಂತೆ. ನಮಗೆ ಆಸೆ ಆಯಿತು. ಆದರೆ ನಮ್ಮ ಹುಡುಗ ಆ ಹೆಡ್ಡಿನ ಹತ್ತಿರ ನಿಲ್ಲಲು ಒಪ್ಪಲಿಲ್ಲ, ಅವನ ಮಾತಿಗೆ ಎದುರು ಮಾತಾಡಲು ನಮಗೆ ಮನಸ್ಸು ಬರಲಿಲ್ಲ.

ಇನ್ನೊಂದು ವಿಷಯ, ಬಿಟ್ಟರೆ ಯಾರಾದರೂ ಆಂಪ್ ಸುಟ್ಟುಕೊಳ್ಳುತ್ತಾರೆ. ಟ್ಯೂಬ್ ಹೆಡ್ಡನ್ನು ಸ್ಪೀಕರ್ ಹಚ್ಚದೆ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ಓಮ್ ಹೊಂದಿಸಿ, 16 ಓಮಿನ ಕ್ಯಾಬಿನೆಟ್ ಇದ್ದರೆ ಹೆಡ್ಡಿನಲ್ಲೂ 16. ಹೆಡ್‌ನಿಂದ ಕ್ಯಾಬಿನೆಟ್‌ಗೆ ಗಿಟಾರ್ ಕೇಬಲ್ ಹಾಕಬೇಡಿ, ಸ್ಪೀಕರ್ ಕೇಬಲ್ಲೇ ಬೇಕು. ನೋಡಲು ಎರಡೂ ಒಂದೇ ಥರ ಇರುತ್ತವೆ, ಒಳಗಿನ ತಂತಿ ಬೇರೆ. ಕೊಳ್ಳುವಾಗ ಐದು ನಿಮಿಷ ನುಡಿಸಿ ಒಪ್ಪಬೇಡಿ, ಮುಕ್ಕಾಲು ಗಂಟೆ ನುಡಿಸಿ, ಬಿಸಿ ಆದ ಮೇಲೆಯೇ ಎಷ್ಟೋ ತೊಂದರೆ ಹೊರಗೆ ಬರುವುದು. ನಡುವೆ ಲೈಟ್ ಆರಿಸಿ ಪವರ್ ಟ್ಯೂಬ್ ನೋಡಿ. ಒಳಗಿನ ಸಣ್ಣ ತಂತಿ ಕಿತ್ತಳೆ ಬಣ್ಣದಲ್ಲಿ ಹೊಳೆಯುವುದು ಸರಿ, ಸುತ್ತಲಿನ ಬೂದು ಬಣ್ಣದ ಪ್ಲೇಟೇ ಕೆಂಪಾದರೆ ತಕ್ಷಣ ನಿಲ್ಲಿಸಿ.

ಜಗಳ ಮಾಡಿ ಅರ್ಧ ದುಡ್ಡು ವಾಪಸ್ ತಗೊಂಡೆವು, ಹೆಡ್ಡನ್ನು ಅವನೇ ಒಯ್ದ. ಈಗ ಗದಗದ ಗೆಳೆಯರೊಬ್ಬರು ಕಳಿಸಿದ ಫೋಟೋದಲ್ಲಿ ಅದೇ ಹೆಡ್ ಮತ್ತೆ ಮಾರಾಟಕ್ಕೆ ಇದೆ, "ಸೂಪರ್ ಕಂಡೀಷನ್" ಅಂತ. ಗುರುತು ಹೇಳುತ್ತೇನೆ. ಹಿಂದೆ 120 ವೋಲ್ಟ್ ಅಂತ ಬರೆದ ಜಾಗದ ಮೇಲೆ ಕಪ್ಪು ಟೇಪ್ ಅಂಟಿಸಿದ್ದಾರೆ, ಮುಂದಿನ ಜಾಲರಿಯ ಎಡಗಡೆ ಮೂಲೆ ಬಗ್ಗಿದೆ, ಪ್ಲಗ್ಗಿನಲ್ಲಿ ಎರಡೇ ಪಿನ್. ಹಾವೇರಿ, ಗದಗ, ಬೆಳಗಾವಿ ಕಡೆ ಯಾರಾದರೂ ನೋಡಲು ಹೋಗುವುದಿದ್ದರೆ ಅದನ್ನು ಹಚ್ಚಲು ಬಿಡಬೇಡಿ, ಗಿಟಾರ್ ಅಂತೂ ಸಿಕ್ಕಿಸಲೇಬೇಡಿ.