ಹಳೇ ಪೈಪಿಗೆ ಪಾಲಿಶ್ ಹೊಡೆದು ಹೊಸ ಫ್ಯೂಯೆಲ್ ಲೈನ್ ಅಂತ ಬಿಲ್ ಮಾಡಿದರು

ಹಳೇ ಪೆಟ್ರೋಲ್ ಗಾಡಿ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಓದಿ. ಮೈಸೂರು ರಸ್ತೆ ಕಡೆಯ ಒಂದು ಗ್ಯಾರೇಜಿನವರು ನನಗೆ ಟೋಪಿ ಹಾಕಿದರು. ಬರೀ ದುಡ್ಡಿನ ವಿಷಯ ಆಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಇದು ಬೆಂಕಿಯ ವಿಷಯ. ಆ ಗಾಡಿಯ ಹಿಂದಿನ ಸೀಟಿನಲ್ಲಿ ನನ್ನ ಮಕ್ಕಳು ಕೂರುತ್ತಾರೆ.

ನನ್ನದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಟರ್ಬೊ. ಪೆಟ್ರೋಲ್ ಹರಿಯುವ ಪೈಪುಗಳಿಗೆ (ಫ್ಯೂಯೆಲ್ ಲೈನ್) ವಯಸ್ಸಾಗಿತ್ತು. ಅದರ ಮೇಲೆ ಈಗ ಬಂಕಿನಲ್ಲಿ ಸಿಗೋದು ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಅದಕ್ಕೆ ಚಾಲನೆ ಕೊಟ್ಟಿದ್ದೂ ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ತಾಗಿದರೆ ಹಳೇ ರಬ್ಬರ್ ಉಬ್ಬುತ್ತದೆ, ಬಿರಿಯುತ್ತದೆ. ಅದಕ್ಕೇ ಇಂಜಿನ್ನಿಗೆ ಪೆಟ್ರೋಲ್ ಒಯ್ಯುವ ಸಪ್ಲೈ ಪೈಪು, ಉಳಿದದ್ದನ್ನು ಟ್ಯಾಂಕಿಗೆ ವಾಪಸ್ ತರುವ ರಿಟರ್ನ್ ಪೈಪು ಎರಡೂ ಪೂರ್ತಿ ಬದಲಾಯಿಸಿ ಅಂದೆ.

"ಟ್ಯಾಂಕಿಂದ ಇಂಜಿನ್‌ವರೆಗೂ ಹೊಸದು ಸಾರ್, ಇಂಪೋರ್ಟೆಡ್ ಎಫ್‌ಐ ಪೈಪು" ಅಂದ ಓನರ್. ಎಫ್‌ಐ ಅಂದರೆ ಫ್ಯೂಯೆಲ್ ಇಂಜೆಕ್ಷನ್, ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ ವ್ಯವಸ್ಥೆ. ಬಿಲ್ಲಿನಲ್ಲೂ ಹಾಗೇ ಬರೆದ. ಪೂರ್ತಿ ದುಡ್ಡು ತಗೊಂಡ.

ಗಾಡಿ ಮನೆಗೆ ಬಂದ ದಿನದಿಂದಲೇ ಪೆಟ್ರೋಲ್ ವಾಸನೆ. ಸಿಗ್ನಲ್ಲಿನಲ್ಲಿ ನಿಂತರೆ ಒಳಗೆಲ್ಲಾ ಘಾಟು. ಫೋನ್ ಮಾಡಿದೆ. "ಹೊಸ ಪೈಪ್ ಅಲ್ವಾ ಸಾರ್, ಸ್ವಲ್ಪ ದಿನ ಇರುತ್ತೆ." ಮತ್ತೆ ಮಾಡಿದೆ. "ಟ್ಯಾಂಕ್ ಫುಲ್ ಮಾಡಿಸಬೇಡಿ ಸಾರ್." ವಾಸನೆ ಬರುತ್ತಿರುವುದು ಬಾನೆಟ್ ಕಡೆಯಿಂದ, ಇವನು ಟ್ಯಾಂಕ್ ಕಥೆ ಹೇಳುತ್ತಾನೆ!

ಕೊನೆಗೆ ವಿಲ್ಸನ್ ಗಾರ್ಡನ್‌ನಲ್ಲಿ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಹೋದೆ. ಗಾಡಿ ಲಿಫ್ಟಿಗೆ ಏರಿಸಿ, ಹಿಂದೆ ಟ್ಯಾಂಕ್ ಹತ್ತಿರದ ಪೈಪನ್ನು ಬಟ್ಟೆಯಲ್ಲಿ ಒರೆಸಿದರು. ಕಪ್ಪು ಪಾಲಿಶ್ ಬಟ್ಟೆಗೆ ಬಂತು. ಕೆಳಗೆ ಅದೇ ಹಳೇ ಪೈಪು, ಮೈತುಂಬಾ ಸಣ್ಣ ಸಣ್ಣ ಬಿರುಕು. ಬದಲಾಯಿಸಿಯೇ ಇಲ್ಲ! ಡ್ಯಾಶ್‌ಬೋರ್ಡಿಗೆ ಹಾಕುವ ಪಾಲಿಶ್ ಹೊಡೆದು ಹೊಸದು ಅಂತ ದುಡ್ಡು ತಗೊಂಡಿದ್ದಾನೆ. ಅಲ್ಲಿದ್ದ ಹುಡುಗರ ಮುಂದೆ ನನಗೆ ತಲೆ ಎತ್ತಲಾಗಲಿಲ್ಲ.

ಬಾನೆಟ್ ಕೆಳಗೆ ಇನ್ನೂ ಘೋರ. ಅಲ್ಲಿ ಹಾಕಿದ್ದ ಪೈಪು ಹೊಸದೇ, ಆದರೆ ಮೇಲೆ ಅಚ್ಚಾಗಿದ್ದ ದರ್ಜೆ ಎಸ್‌ಎಇ ಜೆ30 ಆರ್6. ಅದು ಇಂಜೆಕ್ಷನ್ ಇಲ್ಲದ ಹಳೇ ಕಾರ್ಬುರೇಟರ್ ಗಾಡಿಗಳ ಕಡಿಮೆ ಒತ್ತಡಕ್ಕೆ ಹಾಕುವ ಪೈಪು. ನನ್ನಂಥ ಇಂಜೆಕ್ಷನ್ ಗಾಡಿಗೆ ಬೇಕಾದದ್ದು ಆರ್9. ಅದರ ಒಳಪದರವೇ ಬೇರೆ, ಪೆಟ್ರೋಲ್ ಆವಿ ಅಷ್ಟು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಈ ಗಾಡಿಯ ಲೈನಿನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ. ಕಂಪನಿಯ ಕನೆಕ್ಟರ್ ಕತ್ತರಿಸಿ ಎಸೆದು, ಈ ಪೈಪನ್ನು ತುರುಕಿ, ಮಾಮೂಲಿ ಸ್ಕ್ರೂ ಕ್ಲಾಂಪ್ ಬಿಗಿದಿದ್ದ. ಕ್ಲಾಂಪಿನ ಸೀಳುಗಳು ರಬ್ಬರನ್ನು ಕಚ್ಚಿ ಕಚ್ಚಿ ಕೊಯ್ದಿದ್ದವು. ಅಂಚಿನಲ್ಲಿ ಪೆಟ್ರೋಲ್ ಬೆವರಿನ ಹಾಗೆ ಜಿನುಗುತ್ತಿತ್ತು. ಅಲ್ಲೇ ಪಕ್ಕದಲ್ಲಿ ಕಾದ ಟರ್ಬೊ!

ಗ್ಯಾರೇಜ್ ಓನರಿಗೆ ಫೋಟೊ ಕಳಿಸಿದೆ. ಮೊದಲು, "ಎಲ್ಲಾ ಗಾಡಿಗೂ ಇದೇ ಹಾಕೋದು ಸಾರ್, ಒಬ್ರೂ ಕಂಪ್ಲೇಂಟ್ ಮಾಡಿಲ್ಲ." ಆಮೇಲೆ, "ಆ ಮೆಕ್ಯಾನಿಕ್ಕೇ ಪೈಪ್ ಬದಲಾಯಿಸಿರಬೇಕು." ಹಳೇ ಪೈಪನ್ನು ಹುಡುಕಿ ತಂದು ಹಾಕಿಬಿಟ್ಟರಾ? ಪಾಲಿಶ್ ಯಾರು ಹೊಡೆದರು ಅಂತ ಕೇಳಿದೆ. ಉತ್ತರ ಬಂತು: "ಅಷ್ಟು ಭಯ ಇದ್ರೆ ಹಳೇ ಗಾಡಿ ಯಾಕ್ ಸಾರ್ ಇಟ್ಕೊಂಡಿದ್ದೀರ?" ಈ ಮಾತು ಓದಿ ಮೈ ಉರಿದುಹೋಯಿತು. ದುಡ್ಡು ವಾಪಸ್ ಕೇಳಿದ ಮೇಲೆ ಫೋನೇ ಎತ್ತುತ್ತಿಲ್ಲ.

ಫ್ಯೂಯೆಲ್ ಲೈನ್ ಕೆಲಸಕ್ಕೆ ಗಾಡಿ ಕೊಡುವಾಗ ಪೈಪ್ ಹಾಕುವ ಮುಂಚೆ ಅದರ ಮೇಲಿನ ಅಕ್ಷರ ತೋರಿಸಿ ಅನ್ನಿ. ಬಿಚ್ಚಿದ ಹಳೇ ಪೈಪು ವಾಪಸ್ ಇಸ್ಕೊಳ್ಳಿ. ಲಿಫ್ಟಿನ ಮೇಲೆ ಕಣ್ಣಾರೆ ನೋಡಿ, ಬೆರಳಲ್ಲಿ ಉಜ್ಜಿ, ಆಮೇಲೆ ದುಡ್ಡು ಕೊಡಿ. ವಾಸನೆ ಬಂದರೆ "ಸ್ವಲ್ಪ ದಿನ ಇರುತ್ತೆ" ಅನ್ನೋ ಮಾತು ನಂಬಲೇಬೇಡಿ. ಗಾಡಿ ಆಫ್ ಮಾಡಿ, ಟೋ ಮಾಡಿಸಿ. ಮೈಸೂರು ರಸ್ತೆ ಕಡೆ ಇತ್ತೀಚೆಗೆ ಯಾರಾದರೂ ಈ ಕೆಲಸ ಮಾಡಿಸಿದ್ದರೆ ಇವತ್ತೇ ಬಾನೆಟ್ ಎತ್ತಿ ನೋಡಿ. ನಾಳೆಗೆ ಇಡಬೇಡಿ.