ನೆಟ್‌ಮೆಟಾ: ನೇರ ಟ್ರಯಲ್ ಇಲ್ಲದ ಔಷಧಗಳನ್ನು ಹೋಲಿಸುವ ಆರ್ ಪ್ಯಾಕೇಜ್

ಹೊಸ ಔಷಧವನ್ನು ಈಗಾಗಲೇ ಬಳಕೆಯಲ್ಲಿರುವ ಔಷಧದ ಎದುರು ನಿಲ್ಲಿಸಿದ ಟ್ರಯಲ್ (ರೋಗಿಗಳ ಮೇಲಿನ ಪ್ರಯೋಗ) ಎಷ್ಟೋ ಸಲ ಇರುವುದೇ ಇಲ್ಲ; ಎರಡನ್ನೂ ಬೇರೆ ಬೇರೆಯಾಗಿ ಪ್ಲಸೀಬೊ (ಔಷಧವಿಲ್ಲದ ಹುಸಿಮಾತ್ರೆ) ಜೊತೆ ಹೋಲಿಸಿರುತ್ತಾರೆ. 2025ರ ಜನವರಿ 12ರಿಂದ ಐರೋಪ್ಯ ಒಕ್ಕೂಟ ಹೊಸ ಕ್ಯಾನ್ಸರ್ ಔಷಧಗಳನ್ನು ಜಂಟಿಯಾಗಿ ಅಳೆಯತೊಡಗಿದ ಮೇಲಂತೂ ಒಂದೊಂದು ದೇಶ ಒಂದೊಂದು ಹೋಲಿಕೆ ಕೇಳಬಹುದು. ಆ ಪ್ಲಸೀಬೊವನ್ನೇ ಸೇತುವೆ ಮಾಡಿಕೊಂಡು ಪರೋಕ್ಷವಾಗಿ ಹೋಲಿಸಲು ಜರ್ಮನಿಯ ಫ್ರೈಬುರ್ಗ್‌ನ ಗೆರ್ಟಾ ರ್ಯೂಕರ್, ಗೀಡೋ ಶ್ವಾರ್ಟ್ಸರ್ ಮತ್ತಿತರರು ಬರೆದ ನೆಟ್‌ಮೆಟಾ (ಆರ್ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಪ್ಯಾಕೇಜ್) ಉಚಿತವಾಗಿ ಸಿಗುತ್ತದೆ. ಬೇಯ್ಸಿಯನ್ ವಿಧಾನದಂತೆ ಪ್ರಯರ್ (ಮೊದಲೇ ಇಟ್ಟುಕೊಳ್ಳುವ ಅಂದಾಜು) ಆರಿಸುವ, ಚೈನ್ (ಸಾವಿರಾರು ಸಲ ಮರುಕಳಿಸುವ ಲೆಕ್ಕ) ಓಡಿಸಿ ಕಾಯುವ ರಗಳೆಯಿಲ್ಲ.

ಎಡವುವುದು ಡೇಟಾ ತುಂಬುವಾಗ. ಹಜಾರ್ಡ್ ರೇಶಿಯೊವನ್ನು (ಸಾವಿನಂಥ ಘಟನೆಯ ವೇಗ ಒಂದು ಗುಂಪಿನಲ್ಲಿ ಇನ್ನೊಂದರ ಎಷ್ಟು ಪಾಲು ಎಂಬ ಅನುಪಾತ; 1 ಎಂದರೆ ವ್ಯತ್ಯಾಸವಿಲ್ಲ) ಲಾಗ್‌ಗೆ (ಲಾಗರಿದಮ್) ಬದಲಾಯಿಸದೆ ಕೊಟ್ಟರೂ ಪ್ಯಾಕೇಜ್ ಚಕಾರ ಎತ್ತುವುದಿಲ್ಲ, ತಪ್ಪು ಉತ್ತರ ಕೊಡುತ್ತದೆ. ಎರಡು ಔಷಧಗಳ ಕಾಲಂ ಅದಲುಬದಲಾದರೆ ಪ್ಲಸ್-ಮೈನಸ್ ಚಿಹ್ನೆ ತಿರುಗುತ್ತದೆ, ಆಗಲೂ ಮೌನ. ಮೂರು ಗುಂಪಿನ ಟ್ರಯಲ್‌ನ ಮೂರೂ ಜೋಡಿಗಳನ್ನು ಕೊಡದಿದ್ದರೆ ಮಾತ್ರ ಎರರ್ ತೋರಿಸಿ ನಿಲ್ಲುತ್ತದೆ. 'ಪೇರ್‌ವೈಸ್' ಫಂಕ್ಷನ್ ಬಳಸಿದರೆ ಅದೇ ಜೋಡಿಗಳನ್ನು ಮಾಡಿಕೊಡುತ್ತದೆ, ಆ ತಲೆನೋವೂ ಇಲ್ಲ.

ಒಮ್ಮೆ ಕೈಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಪ್ಲಸೀಬೊ ಎದುರು ಹಜಾರ್ಡ್ ರೇಶಿಯೊ 'ಅ' ಔಷಧಕ್ಕೆ 0.60 (0.45–0.80, ನಿಜವಾದ ಸಂಖ್ಯೆ ಇರಬಹುದಾದ 95% ಮಿತಿಗಳು), 'ಬ'ಗೆ 0.75 (0.60–0.94) ಎಂದಿಟ್ಟುಕೊಳ್ಳಿ. ಲಾಗ್‌ಗಳ ವ್ಯತ್ಯಾಸ −0.223. ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆ) ಎಂದರೆ ಮೇಲಿನ, ಕೆಳಗಿನ ಮಿತಿಗಳ ಲಾಗ್ ಅಂತರವನ್ನು 3.92ರಿಂದ ಭಾಗಿಸಿದ್ದು: 0.147, 0.115. ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 0.186. ವ್ಯತ್ಯಾಸಕ್ಕೆ ಇದರ 1.96 ಪಟ್ಟನ್ನು ಕೂಡಿಸಿ, ಕಳೆದು ಲಾಗ್‌ನಿಂದ ಮರಳಿದರೆ ಫಲಿತಾಂಶ 0.80 (0.56–1.15). ಪ್ಲಸೀಬೊವನ್ನು ಎರಡೂ ಸ್ಪಷ್ಟವಾಗಿ ಸೋಲಿಸಿವೆ; ಈ ಮಿತಿಗಳ ನಡುವೆ 1 ಬರುವುದರಿಂದ 'ಅ' ಮೇಲೋ 'ಬ' ಮೇಲೋ ಎನ್ನಲು ಮಾತ್ರ ಆಧಾರ ಸಾಲದು. ನೆಟ್‌ಮೆಟಾ ಕೊಡುವುದೂ ಇದೇ ಸಂಖ್ಯೆ.

ನಮಗೆ ಇಷ್ಟವಾಗದ್ದು ರ‍್ಯಾಂಕಿಂಗ್. ಮೇಲಿನಂಥ ಮಸುಕು ಫಲಿತಾಂಶಕ್ಕೂ 'ನೆಟ್‌ರ‍್ಯಾಂಕ್' ಪಿ-ಸ್ಕೋರ್ (ಒಂದು ಔಷಧ ಉಳಿದವಕ್ಕಿಂತ ಮೇಲು ಎಂಬ ಖಾತರಿಯ ಸರಾಸರಿ ಅಂಕ) ಕೊಟ್ಟು 'ಅ'ವನ್ನು ಮೊದಲ ಸ್ಥಾನಕ್ಕೆ ಏರಿಸುತ್ತದೆ. ಸಣ್ಣ ಸಂಖ್ಯೆಯೇ ಒಳ್ಳೆಯದು ಎಂಬುದು ಅದರ ಡೀಫಾಲ್ಟ್. ಗುಣಮುಖರಾದವರ ಪ್ರಮಾಣ ಅಳೆಯುವಾಗ ಬದಲಾಯಿಸಲು ಮರೆತರೆ ಪಟ್ಟಿ ತಲೆಕೆಳಗು!

ಮೇಲಿನ ಉದಾಹರಣೆಯಂತೆ ಒಂದೊಂದು ಕೊಂಡಿಗೆ (ನೇರ ಹೋಲಿಕೆಗೆ) ಒಂದೇ ಟ್ರಯಲ್ ಇದ್ದರೆ ಟ್ರಯಲ್‌ಗಳ ನಡುವಿನ ವ್ಯತ್ಯಾಸ ಅಂದಾಜಿಸಲಾಗದು. 'ನೆಟ್‌ಸ್ಪ್ಲಿಟ್'ಗೂ ನೇರ ಮತ್ತು ಪರೋಕ್ಷ ಫಲಿತಾಂಶಗಳನ್ನು ತಾಳೆ ನೋಡಲು ಏನೂ ಸಿಗದು. ಆಗ ಉಳಿಯುವ ದಾರಿ, ಎರಡೂ ಟ್ರಯಲ್‌ಗಳ ಮೊದಲ ಕೋಷ್ಟಕವನ್ನು ಪಕ್ಕಪಕ್ಕ ಇಟ್ಟು ವಯಸ್ಸು, ಕಾಯಿಲೆಯ ಹಂತ, ಹಿಂದಿನ ಚಿಕಿತ್ಸೆ, ಎಷ್ಟು ತಿಂಗಳು ಗಮನಿಸಿದ್ದಾರೆ ಎಂದು ಸಾಲುಸಾಲಾಗಿ ಹೋಲಿಸುವುದು. ಹೋಲಿಕೆ ಗುಂಪೇ ಇಲ್ಲದ ಟ್ರಯಲ್‌ಗೆ ಸೇತುವೆಯೂ ಇಲ್ಲ, ನೆಟ್‌ಮೆಟಾ ಅಲ್ಲಿ ಕೆಲಸಕ್ಕೆ ಬಾರದು.