ರಾಸಾಯನಿಕ ಸಮೀಕರಣ ಸರಿದೂಗಿಸೋಕೆ ಮೂರು ದಾರಿ: ಒಂದೇ ಲೆಕ್ಕದ ಮೇಲೆ ಮೂರನ್ನೂ ಹಾಕಿ ನೋಡಿದೆ

ಅಕ್ಕನ ಮಗಳು ಈ ವರ್ಷ ಫಸ್ಟ್ ಪಿಯುಸಿ. ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆ ಮಹಡಿ ಹತ್ತಿದರೆ ಸೈನೈಡ್ ದಿಬ್ಬ, ಅಂದರೆ ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಗುಡ್ಡೆ, ಕಾಣುತ್ತದೆ. ಕೆಜಿಎಫ್ ಗಣಿ ಮುಚ್ಚಿದ್ದು 2001ರಲ್ಲಿ, ದಿಬ್ಬ ಮಾತ್ರ ಇಲ್ಲೇ ಇದೆ. ಹಾಗಾಗಿ ಭಾನುವಾರ ಅವಳ ಜೊತೆ ಕೂತು ಆ ದಿಬ್ಬದ ಹಿಂದಿರುವ ಕ್ರಿಯೆಯನ್ನೇ ಲೆಕ್ಕಕ್ಕೆ ತಗೊಂಡೆ. ಅದಿರಿನ ಪುಡಿಯಲ್ಲಿರುವ ಚಿನ್ನಕ್ಕೆ ಸೋಡಿಯಂ ಸೈನೈಡ್, ನೀರು, ಆಕ್ಸಿಜನ್ ಸೇರಿದರೆ, ನೀರಲ್ಲಿ ಕರಗುವ, ಸೋಡಿಯಂ ಕೂಡ ಸೇರಿರುವ ಚಿನ್ನದ ಸೈನೈಡ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಬರುತ್ತವೆ.

ಮೊದಲು ಎಲ್ಲರೂ ಮಾಡೋ ಹಾಗೆ, ಎರಡೂ ಕಡೆಯ ಪರಮಾಣುಗಳನ್ನು ಎಣಿಸಿ ಎಣಿಸಿ ಸರಿ ಮಾಡೋದು. ಅವಳು ಆಕ್ಸಿಜನ್‌ನಿಂದ ಶುರು ಮಾಡಿದಳು, ನಾಲ್ಕು ಸಲ ಅಳಿಸಿದಳು. ಆಕ್ಸಿಜನ್ ಮೂರು ಕಡೆ ಇದೆ, ಅದನ್ನು ಕೊನೆಗೇ ಇಟ್ಟುಕೊಳ್ಳಬೇಕು. ಎಲ್ಲಕ್ಕಿಂತ ತುಂಬಿಕೊಂಡಿರೋ ಚಿನ್ನದ ಸೈನೈಡ್‌ಗೆ 1 ಅಂತ ಇಡು ಅಂದೆ. ಅದರಲ್ಲಿ ಒಂದು ಸೋಡಿಯಂ, ಒಂದು ಚಿನ್ನ, ಎರಡು ಸೈನೈಡ್. ಅಂದರೆ ಈ ಕಡೆ ಸೋಡಿಯಂ ಸೈನೈಡ್ 2. ಎರಡು ಸೋಡಿಯಂನಲ್ಲಿ ಒಂದು ಚಿನ್ನದ ಜೊತೆ ಹೋಯಿತು, ಇನ್ನೊಂದು ಹೈಡ್ರಾಕ್ಸೈಡ್‌ಗೆ. ಅದರ ಒಂದು ಹೈಡ್ರೋಜನ್‌ಗೆ ಅರ್ಧ ನೀರು ಸಾಕು, ಉಳಿದ ಅರ್ಧ ಆಕ್ಸಿಜನ್ ಪರಮಾಣುವಿಗೆ ಕಾಲು ಅಣು. ಎಲ್ಲವನ್ನೂ 4ರಿಂದ ಗುಣಿಸಿದರೆ 4 ಚಿನ್ನ, 8 ಸೋಡಿಯಂ ಸೈನೈಡ್, 1 ಆಕ್ಸಿಜನ್, 2 ನೀರು. ಆ ಕಡೆ ಎರಡೂ 4. ಭಿನ್ನರಾಶಿಗೆ ಹೆದರದಿದ್ದರೆ ಎರಡೇ ನಿಮಿಷದ ಕೆಲಸ.

ಎರಡನೇ ದಾರಿ ಬೀಜಗಣಿತ: ಪ್ರತಿ ವಸ್ತುವಿನ ಸಂಖ್ಯೆಗೆ ಒಂದೊಂದು ಅಕ್ಷರ ಇಟ್ಟು ಬಿಡಿಸೋದು. ಆರು ಅಕ್ಷರ, ಐದು ಸಮೀಕರಣ, ಒಂದು ಪುಟ. ಉತ್ತರ ಬಂದೇ ಬರುತ್ತದೆ, ಆದರೆ ಒಂದು ಗುರುತು ತಪ್ಪಿದರೆ ಪೂರ್ತಿ ಪುಟ ಹೋಯಿತು, ಚಿನ್ನಕ್ಕೆ ಏನಾಯಿತು ಅಂತಲೂ ತಿಳಿಯುವುದಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಮೂರನೇ ದಾರಿ, ಆಕ್ಸಿಡೇಶನ್ ನಂಬರ್, ಅಂದರೆ ಪರಮಾಣು ಎಷ್ಟು ಎಲೆಕ್ಟ್ರಾನ್ ಬಿಟ್ಟಿದೆ ಅಥವಾ ತಗೊಂಡಿದೆ ಅನ್ನೋ ಲೆಕ್ಕ. ಚಿನ್ನ 0ಯಿಂದ +1ಕ್ಕೆ ಹೋಗುತ್ತದೆ, ಒಂದು ಎಲೆಕ್ಟ್ರಾನ್ ಬಿಡುತ್ತದೆ. ಒಂದು ಆಕ್ಸಿಜನ್ ಅಣು ನಾಲ್ಕನ್ನು ತಗೊಳ್ಳುತ್ತದೆ. ಹಾಗಾಗಿ ನಾಲ್ಕು ಚಿನ್ನಕ್ಕೆ ಒಂದು ಆಕ್ಸಿಜನ್, ಮಿಕ್ಕಿದ್ದು ತಾನಾಗೇ ಕೂರುತ್ತದೆ. ಸೈನೈಡ್ ತೊಟ್ಟಿಗೆ ಗಾಳಿ ಯಾಕೆ ಊದುತ್ತಾರೆ ಅನ್ನೋದೂ ಇದರಲ್ಲೇ ಕಂಡಿತು, ಅಲ್ವಾ?

ಪೊಟ್ಯಾಸಿಯಂ ಪರ್ಮಾಂಗನೇಟ್‌ಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕೋ ಲೆಕ್ಕಕ್ಕೆ ಬಂದಾಗಂತೂ ಎಣಿಕೆ ದಾರಿ ಕೈಕೊಟ್ಟಿತು. 2 ಪರ್ಮಾಂಗನೇಟ್‌ಗೆ 16 ಆಮ್ಲ ಬೇಕು, ಅದರಲ್ಲಿ 10 ಮಾತ್ರ ಕ್ಲೋರಿನ್ ಅನಿಲವಾಗುತ್ತದೆ, 6 ಹಾಗೇ ಲವಣದಲ್ಲಿ ಉಳಿಯುತ್ತದೆ. ಸುಮ್ನೆ ಎಣಿಸುತ್ತಾ ಕೂತರೆ ಈ 10–6 ಹೊಳೆಯುವುದು ಕಷ್ಟ. ಮ್ಯಾಂಗನೀಸ್ +7ರಿಂದ +2ಕ್ಕೆ ಇಳಿಯಿತು ಅಂತ ಬರೆದ ಕೂಡಲೇ ಅವಳೇ ಮುಂದಿನದನ್ನು ಹೇಳಿದಳು. ಬೀಜಗಣಿತವನ್ನು ಈಗ ಉತ್ತರ ತಾಳೆ ನೋಡೋಕೆ ಮಾತ್ರ ಇಟ್ಟುಕೊಂಡಿದ್ದೇವೆ.